ಬೀಗರ ಕಾಯಿ ಕಡಿಯಲಾದೀತೆ?

ಮೊರದಲ್ಲಿ ರಾಗಿ ಕೇರುತ್ತಾ ಜಗುಲಿಯ ಮೇಲೆ ಕೂತಿದ್ದೆ. ಕೇರುವಾಗ ನನ್ನನ್ನು ಯಾರಾದರೂ ಮಾತಾಡಿಸಿದರೆ ಹೊಟ್ಟು ಒಂದು ಕಡೆ, ಕಲ್ಲು ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ಆಗಿಬಿಡುತ್ತದೆ. ಅದು ಗೊತ್ತಿದ್ದೂ ನಮ್ಮನೆಯವರು ಬಸ್‌ಸ್ಟ್ಯಾಂಡಿನಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಸುದ್ದಿ ಬಿಟ್ಟರು.

"ಇವಳೇ, ಕೇಳ್ದಾ? ಶನಿವಾರ ಬೀಗ್ರು ಬತ್ತಾವ್ರಂತೆ. ಮಾಂಬಳ್ಳಿಯಿಂದ ಕಂಡಕ್ಟರ್ ಕೈಲಿ ಯೋಳಿ ಕಳ್ಸವ್ರೆ. ಎಲ್ಡು ದಿನ ಇಲ್ಲೇ ಇದ್ದು ಸೋಮವಾರ ಬೆಟ್ಟಕ್ಕೆ ಓಯ್ತರಂತೆ."

ಮೊರದ ಅಂಚಿನಿಂದ ಒಂದು ಹಿಡಿ ರಾಗಿ ಅಂಗಳಕ್ಕೆ ಹೋಯಿತು. ಕೋಳಿ ತಿಂದವು. ಯಾರದೋ ಹೊಟ್ಟೆಗೆ ಹೋಯಿತಲ್ಲ, ಅದೂ ಒಂದು ಪುಣ್ಯವೇ.

ಊಟಕ್ಕೆ ಬಂದು ಸಂಜೆ ಬಸ್ಸಿಗೆ ಹೊರಡುವ ಬೀಗರು ಬೇರೆ, ಎರಡು ದಿನ ಉಳಿಯುವ ಬೀಗರು ಬೇರೆ. ನಮ್ಮ ಮಗಳು ಶೈಲಾಳನ್ನು ಮಾಂಬಳ್ಳಿಗೆ ಕೊಟ್ಟು ಎರಡು ವರ್ಷವಾಗಿತ್ತು. ಒಳ್ಳೆಯ ಮನೆ. ರೇಷ್ಮೆಹುಳ ಸಾಕುತ್ತಾರೆ, ಅದಕ್ಕೇ ಅವರಿಗೆ ಪುರುಸೊತ್ತೆಂಬುದು ಇಲ್ಲ. ಒಂದು ಬೆಳೆಯ ಗೂಡು ಮಾರಿ, ಹುಳದ ಮನೆ ತೊಳೆದು, ಔಷಧಿ ಹೊಡೆದು ಬಾಗಿಲು ಮುಚ್ಚಿದರೆ ಆ ನಾಲ್ಕಾರು ದಿನ ಮಾತ್ರ ಬಿಡುವು. ಆ ಬಿಡುವಿನಲ್ಲಿ ಬೆಟ್ಟದ ಮಾದಪ್ಪನ ದರ್ಶನ, ದಾರಿಯಲ್ಲಿ ಹನೂರಿನ ನಮ್ಮ ಮನೆ.

ನನ್ನ ಚಿಂತೆ ಅಡುಗೆಯದಲ್ಲ. ಶೈಲಾಗೆ ಕೊಳ್ಳೇಗಾಲದಲ್ಲಿ ಟಿಸಿಎಚ್ ಸೀಟು ಸಿಕ್ಕಿತ್ತು. ಎರಡು ವರ್ಷ ಓದಿದರೆ ಮೇಷ್ಟ್ರಾಗಬಹುದು. ಅಳಿಯ ಒಪ್ಪಿದ್ದ, ಮಾವ "ನಿಮ್ಮತ್ತೆ ಯೋಳ್ದಂಗೆ" ಎಂದಿದ್ದರು. ಅತ್ತೆಯನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹಿಂದಿನ ತಿಂಗಳು ಬಂದಿದ್ದಾಗ ಶೈಲಾ ನನ್ನ ಸೆರಗು ಹಿಡಿದು, "ಅವ್ವಾ, ನೀನೇ ಕೇಳವ್ವಾ. ನಾ ಓದಕ್ ಓದ್ರೆ ಹುಳದ ಮನೇಲಿ ಅತ್ತೆ ಒಬ್ರೇ ಆಯ್ತರೆ. ನನ್ ಬಾಯಿಂದ ಎಂಗ್ ಬಂದದು?" ಎಂದಿದ್ದಳು. ಸೇರಿಕೊಳ್ಳುವುದಕ್ಕೆ ಮಂಗಳವಾರ ಕಡೆಯ ದಿನ. ಬೀಗರು ಸೋಮವಾರ ಬೆಟ್ಟಕ್ಕೆ ಹೋದರೆಂದರೆ ಮುಗಿಯಿತು, ಆ ವರ್ಷದ ಓದೂ ಮುಗಿಯಿತು.

ಬೀಗಿತ್ತಿ ಪುಟ್ಟಮಾದಮ್ಮ ಕೆಟ್ಟವರಲ್ಲ, ಗಟ್ಟಿ ಹೆಂಗಸು. ನನಗೂ ಅವರಿಗೂ ಜಗಳವೇನೂ ಇರಲಿಲ್ಲ, ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. ಹಿಂದಿನ ಸಲ ಬಂದಿದ್ದಾಗ ಒಂದು ಮಧ್ಯಾಹ್ನವಿಡೀ ಎದುರು ಬದುರು ಕೂತು ನಾನು "ಬಿಸ್ಲು ಜಾಸ್ತಿ" ಎಂದೆ, ಅವರು "ಊಂ, ಜಾಸ್ತಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರು "ಬಿಸ್ಲು ಜಾಸ್ತಿನೇ" ಎಂದರು, ನಾನು "ಊಂ" ಎಂದೆ. ಅವರ ಕೈಗೆ ಕೆಲಸ ಕೊಡೋಣವೆಂದರೆ ಬೀಗಿತ್ತಿಯ ಕೈಲಿ ಕಸಬರಿಕೆ ಹಿಡಿಸಿದವಳು ಎಂದು ಹನೂರಿನಿಂದ ಯಳಂದೂರಿನವರೆಗೆ ಹೆಸರಾಗುತ್ತೇನೆ. ಟೀವಿ ಇದೆ, ಕರೆಂಟಿದ್ದಾಗ.

ಆಗ ಹೊಳೆದದ್ದು ಮಣೆಯಾಟ. ಆಟದಲ್ಲಿ ಒಂದು ಅನುಕೂಲವಿದೆ. ಮುಖ ನೋಡಬೇಕಿಲ್ಲ. ಕಾಯಿ ನೋಡುತ್ತಲೇ ಮುಖ ನೋಡಿ ಹೇಳಲಾಗದ ಮಾತನ್ನು ಹೇಳಿಬಿಡಬಹುದು. ಆದರೆ ಪುಟ್ಟಮಾದಮ್ಮ ಹುಟ್ಟಿದ ಮೇಲೆ ಒಂದು ಆಟವನ್ನೂ ಆಡಿದವರಲ್ಲ ಎಂದು ಶೈಲಾ ಹೇಳಿದ್ದಳು. ತವರಿನಲ್ಲೂ ಹುಳ, ಗಂಡನ ಮನೆಯಲ್ಲೂ ಹುಳ, ಆಡುವುದೆಲ್ಲಿಂದ? ಏನೂ ಆಡದವರಿಗೆ ಯಾವ ಆಟದಿಂದ ಶುರು ಮಾಡಬೇಕು? ನಮ್ಮನೆಯವರನ್ನು ಕೇಳಿದೆ. ಅವರು ಹೈಸ್ಕೂಲಿನಲ್ಲಿ ಗುಮಾಸ್ತರು, ಏನು ಕೇಳಿದರೂ ಉತ್ತರವಿರುತ್ತದೆ.

"ಚೆಸ್ಸು," ಎಂದರು. "ಬುದ್ಧಿ ಬೆಳೀತದೆ. ಮೊದ್ಲು ನಿನ್ಗೆ ಯೋಳ್ಕೊಡ್ತೀನಿ ಕೂತ್ಕೊ. ನಿನ್ಗೆ ಅರ್ಥವಾದ್ರೆ ಯಾರಿಗ್ ಬೇಕಾದ್ರೂ ಅರ್ಥವಾಯ್ತದೆ."

ಅಷ್ಟು ಮರ್ಯಾದೆಯಿಂದ ಕರೆದ ಮೇಲೆ ಕೂರದೆ ಇರಲಾದೀತೇ? ಕುದುರೆ ಎರಡೂವರೆ ಮನೆ ಹಾರುತ್ತದಂತೆ. ಆನೆ ನೆಟ್ಟಗೆ ಹೋಗುತ್ತದಂತೆ, ನಮ್ಮ ಕಾಡಂಚಿನ ಜೋಳದ ಹೊಲಕ್ಕೆ ನುಗ್ಗುವ ಆನೆಗಳಿಗೆ ಇದನ್ನು ಯಾರೂ ಹೇಳಿದಂತಿಲ್ಲ. ರಾಗಿಮುದ್ದೆಗೆ ಎಸರಿಟ್ಟು ಬರುವಷ್ಟರಲ್ಲಿ ನನ್ನ ಮಂತ್ರಿಯನ್ನು ಹೊಡೆದುಹಾಕಿ, "ಯಾಕ್ ಅಂಗ್ ನಡ್ಸ್ದೆ?" ಎಂದು ನನ್ನನ್ನೇ ದಬಾಯಿಸಿದರು. ಚೆಸ್ಸಿನ ದೋಷ ನನಗೆ ತಿಳಿದದ್ದು ಆಗ. ಅದರಲ್ಲಿ ಸೋತರೆ ತಪ್ಪೆಲ್ಲ ನಮ್ಮದೇ, ಹೊರಿಸಲು ಬೇರೆ ತಲೆ ಇಲ್ಲ. ಹೊಸಬರು ಆಡುವ ಆಟದಲ್ಲಿ ಸೋತಾಗ ಬೈಯಲು ನಾಲ್ಕು ಕವಡೆಯಾದರೂ ಇರಬೇಕು.

ಪಕ್ಕದ ಮನೆಯ ಜಯಮ್ಮ ತನ್ನ ಮಕ್ಕಳು ಆಡುವ ಎರಡು ರಟ್ಟಿನ ಹಲಗೆ ತಂದುಕೊಟ್ಟಳು. ಒಂದು ವ್ಯಾಪಾರದ ಆಟ. ಊರು ಕೊಳ್ಳಬೇಕು, ನಮ್ಮ ಊರಿಗೆ ಬಂದವರಿಂದ ಬಾಡಿಗೆ ವಸೂಲು ಮಾಡಬೇಕು. ಮನೆಗೆ ಬಂದ ಬೀಗರನ್ನು ಕೂರಿಸಿಕೊಂಡು ಬಾಡಿಗೆ ಕೇಳುವುದೇ! ಅದನ್ನು ಮಡಿಸಿಟ್ಟೆ. ಇನ್ನೊಂದು ಹಾವು ಏಣಿ. ಇದು ನನಗೆ ಹಿಡಿಸಿತು. ಓದು ಬೇಡ, ಲೆಕ್ಕಾಚಾರ ಬೇಡ, ಏರುವುದು ಇಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕೊಟ್ಟ ಜಯಮ್ಮನೇ ಕೆನ್ನೆಗೆ ಕೈ ಕೊಟ್ಟುಕೊಂಡಳು.

"ಅಲ್ಲಕ್ಕಾ, ಸೋಮ್ವಾರ ಬೆಟ್ಟಕ್ಕೆ ಓಗೋರಿಗೆ ಬಾನುವಾರ ಆವು ಕಚ್ಚಿಸ್ತೀರಾ?"

ನನ್ನ ಕೈ ತಾನಾಗಿಯೇ ಹಲಗೆಯ ಮೇಲಿನ ದೊಡ್ಡ ಹಾವಿಗೆ ಮುಗಿಯಿತು. ಆ ಹಾವಿನ ತಲೆಯ ಮೇಲೆ ಬೀಗಿತ್ತಿಯ ಕಾಯಿ ಕೂತು ಅಪಶಕುನವೆಂದು ಅವರ ಮುಖ ಬಾಡಿದರೆ ನನ್ನ ಮಗಳ ಓದು ಬಾಲದಿಂದ ಜಾರಿದಂತೆಯೇ. ಅಳಗುಳಿಮಣೆ ಅಟ್ಟದ ಮೇಲಿತ್ತು. ಆದರೆ ಅದರಲ್ಲಿ ಪಳಗಿದವರು ಹೊಸಬರ ಗುಳಿಯನ್ನೆಲ್ಲ ಎರಡೇ ಸುತ್ತಿಗೆ ಬಳಿದುಬಿಡುತ್ತಾರೆ. ಕಲಿಯುವ ಮೊದಲೇ ಕೈ ಬರಿದಾದರೆ ಎರಡನೆಯ ಆಟಕ್ಕೆ ಯಾರು ಕೂರುತ್ತಾರೆ?

ಕೊನೆಗೆ ಚೌಕಾಬಾರಕ್ಕೆ ಬಂದು ನಿಂತೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದು ಮನೆ ಬರೆದರೆ ಆಯಿತು. ನಾಲ್ಕು ಕವಡೆ ಬೇಕು, ಕಾಯಿಗೆ ಒಡೆದ ಬಳೆಚೂರೂ ಆಗುತ್ತದೆ, ಅರಿಶಿನದ ಕೊಂಬಿನ ತುಂಡೂ ಆಗುತ್ತದೆ. ಕವಡೆ ಬಿದ್ದಷ್ಟು ಮನೆ ನಡೆಸಿಕೊಂಡು ಹೊರಗಿನ ಸುತ್ತು ಮುಗಿಸಿ, ಒಳಸುತ್ತಿಗೆ ಹೋಗಿ, ನಡುಮನೆ ಮುಟ್ಟಿದರೆ ಕಾಯಿ ಹಣ್ಣು. ಇಷ್ಟೇ. ಇಷ್ಟೇ ಎಂದುಕೊಂಡೆ ನಾನು.

ಶನಿವಾರ ಬೀಗರಿಬ್ಬರೇ ಬಂದರು, ಶೈಲಾ ಊರಲ್ಲೇ ಉಳಿದಿದ್ದಳು. ಊಟವಾಯಿತು. ಗಂಡಸರಿಬ್ಬರೂ ಎಲೆಅಡಿಕೆ ಹಾಕಿಕೊಂಡು ಪೇಟೆ ಕಡೆ ಹೋದರು. ಪುಟ್ಟಮಾದಮ್ಮನವರ ಕೈ ಸುಮ್ಮನಿರದು. ಪೊರಕೆ ಹಿಡಿದರು, ಕಿತ್ತುಕೊಂಡೆ. ಹುಣಸೆಹಣ್ಣಿನ ಬುಟ್ಟಿ ಎಳೆದುಕೊಂಡರು, ಅದನ್ನೂ ಕಿತ್ತುಕೊಂಡೆ. ಆಮೇಲೆ ನಡುಮನೆಯಲ್ಲಿ ಕೂತು ಸೀಮೆಸುಣ್ಣ ತೆಗೆದೆ.

"ಅಯ್ ಬುಡಿ ಬೀಗ್ರೇ, ಈ ವಯಸ್ನಲ್ಲಿ ನಮ್ಗ್ಯಾಕೆ ಐಕ್ಳಾಟ?" ಎಂದು ನಾಚಿಕೊಂಡರು. ಆದರೂ ಕೂತರು. ನಾನು ಕಾಯಿ, ಸುತ್ತು, ಹಣ್ಣು ಎಲ್ಲ ವಿವರಿಸಿದೆ. ಅವರು ಗಲ್ಲಕ್ಕೆ ಬೆರಳಿಟ್ಟು ಕೇಳಿ, "ಓ, ನಮ್ ಹುಳದಂಗೇ ಅನ್ನಿ. ಜ್ವರದ್ ಮೇಲ್ ಜ್ವರ ದಾಟ್ಕಂಡು ಹಣ್ಣಾಗದು," ಎಂದರು. ಹುಳ ಪೊರೆ ಬಿಡುವುದಕ್ಕೆ ಅವರಲ್ಲಿ ಜ್ವರವೆನ್ನುತ್ತಾರೆ, ಗೂಡು ಕಟ್ಟಲು ಸಿದ್ಧವಾದರೆ ಹಣ್ಣಾಯಿತೆನ್ನುತ್ತಾರೆ. ನಮ್ಮನೆಯವರು ಚೆಸ್ಸಿನಲ್ಲಿ ಒಂದು ಸಂಜೆಯಿಡೀ ನನಗೆ ದಾಟಿಸಲಾರದ್ದನ್ನು ಪುಟ್ಟಮಾದಮ್ಮ ಒಂದೇ ಮಾತಿಗೆ ಹಿಡಿದರು. ಮಾದಪ್ಪಾ, ನಿನ್ನ ದಯೆ ಎಂದುಕೊಂಡೆ.

ಒಂದು ನಿಯಮವನ್ನು ಮಾತ್ರ ಕೊನೆಗೆ, ದನಿ ತಗ್ಗಿಸಿ ಹೇಳಿದೆ. ಎದುರಾಳಿಯ ಕಾಯಿ ಇರುವ ಮನೆಗೇ ನಮ್ಮ ಕಾಯಿ ಹೋದರೆ ಅದನ್ನು ಕಡಿದು ಆಚೆ ಹಾಕಬೇಕು. ಒಂದನ್ನಾದರೂ ಕಡಿಯದ ಹೊರತು ಒಳಸುತ್ತಿಗೆ ದಾರಿಯಿಲ್ಲ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಗಳನ್ನು ಕೊಟ್ಟ ಮನೆಯವರು ನಾವು, ಅವರ ಕಾಯಿಯನ್ನು ನಾವು ಕಡಿಯುವುದೇ? ಅವರೋ, ಉಂಡ ಮನೆಯ ಕಾಯಿಯನ್ನು ಕಡಿಯುವವರೇ?

ಕಡಿಯಲಿಲ್ಲ. ನನಗೆ ಎರಡು ಬಿತ್ತು, ಎರಡನೆಯ ಮನೆಯಲ್ಲಿ ಅವರ ಬಳೆಚೂರಿತ್ತು. ನಾನು ಹಿಂದಿನ ಕಾಯಿ ನಡೆಸಿದೆ. ಅವರಿಗೆ ಮೂರು ಬಿತ್ತು, ಮೂರರಲ್ಲಿ ನನ್ನ ಅರಿಶಿನದ ತುಂಡಿತ್ತು. ಅವರು ಬೇರೆ ಕಾಯಿ ನಡೆಸಿದರು. ಸುತ್ತಿದೆವು. ಮತ್ತೆ ಸುತ್ತಿದೆವು. ಎಂಟು ಕಾಯಿಗಳೂ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಾ ಹೊರಬೀದಿಯಲ್ಲೇ ಮೆರವಣಿಗೆ ಹೊರಟವು. ದೀಪ ಹಚ್ಚುವ ಹೊತ್ತಿಗೆ ಜಯಮ್ಮ ಇಣುಕಿದಳು.

"ಇದ್ಯಾವಾಟ ಅಕ್ಕಾ? ಪ್ರದಕ್ಷಿಣೆ ಆಕ್ತಿದ್ದೀರಾ?"

ಭಾನುವಾರವೂ ಅದೇ ಪ್ರದಕ್ಷಿಣೆ. ನನ್ನ ಮಾತೂ ಅದೇ ಬೀದಿ ಸುತ್ತುತ್ತಿತ್ತು. "ಶೈಲಾ" ಎಂದು ಬಾಯಿ ತೆರೆಯುತ್ತಿದ್ದೆ, "ಊಟ ಮಾಡ್ತಳಾ ಸರಿಯಾಗಿ?" ಎಂದು ಮುಗಿಸುತ್ತಿದ್ದೆ. ನಮ್ಮನೆಯವರು ಅಡುಗೆಮನೆಗೆ ಬಂದು, "ಕೇಳ್ದಾ?" ಎಂದು ಕಣ್ಣಲ್ಲೇ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. "ಆ ಕಡಿಯೋ ರೂಲ್ಸೇ ತಗ್ದಾಕು ಅತ್ಲಾಗಿ," ಎಂದು ಪಿಸುಗುಟ್ಟಿದರು. ತೆಗೆದರೆ ಆಟದಲ್ಲಿ ಏನು ಉಳಿಯುತ್ತದೆ, ಹಪ್ಪಳವೇ?

ಮೂರು ಗಂಟೆಯ ಸುಮಾರಿಗೆ ನನಗೆ ಮತ್ತೆ ಮೂರು ಬಿತ್ತು. ಮತ್ತೆ ಮೂರರಲ್ಲಿ ಅವರ ಕಾಯಿ. ಮತ್ತೆ ನಾನು ಹಿಂದಿನ ಕಾಯಿಗೆ ಕೈ ಹಾಕಿದೆ. ಪುಟ್ಟಮಾದಮ್ಮ ನನ್ನ ಮಣಿಕಟ್ಟು ಹಿಡಿದರು.

"ಬೀಗ್ರೇ, ನನ್ಗೇನು ಎಣ್ಸಕ್ ಬರಲ್ವಾ? ನಿನ್ನೆಯಿಂದ ನೋಡ್ತಾವ್ನಿ, ಬುಟ್ಕಂಡೇ ಬತ್ತಾ ಇದ್ದೀರಿ. ಐಕ್ಳ್ ಜೊತೆ ಆಡ್ದಂಗೆ. ಇವ್ಳಿಗೆ ಆಟ ಬರಲ್ಲ ಅಂತ ಕನಿಕರವಾ?"

"ಅಯ್ಯೋ ಶಿವನೇ, ಅಂಗಲ್ಲ! ಬೀಗ್ರ ಕಾಯ ಎಂಗ್ ಕಡೀಲಿ? ನೀವೂ ಬುಟ್ರಿ ತಾನೆ?"

"ನೀವ್ ಬುಟ್ರಲ್ಲ ಅಂತ ನಾ ಬುಟ್ಟೆ. ಈಗ್ ನೋಡಿ." ಕವಡೆ ಕುಲುಕಿ ಎಸೆದರು. ಎರಡು. ಬಳೆಚೂರು ಎತ್ತಿ ನನ್ನ ಅರಿಶಿನದ ತುಂಡಿನ ತಲೆಗೆ ಟಪ್ ಎಂದು ಹೊಡೆದರು. ಅದು ಹಾರಿ ಬಾಗಿಲ ಸಂದಿಗೆ ಹೋಯಿತು.

ಒಂದು ಕ್ಷಣ ಇಬ್ಬರೂ ಹೆದರಿದೆವು. ಮೊದಲು ನಕ್ಕವರು ಅವರೇ, ಬಾಯಿಗೆ ಸೆರಗು ಮುಚ್ಚಿಕೊಂಡು, ಮೈಯೆಲ್ಲ ಕುಲುಕಿ. ಆಮೇಲೆ ನಾನು ಕಡಿದೆ. ಸುಳ್ಳೇಕೆ ಹೇಳಲಿ, ಬಹಳ ಸುಖವಾಯಿತು. ದಿನಾ ದೇವರ ಮುಂದೆ ಸಮಾಧಾನ ಕೊಡು ಎಂದು ಬೇಡುವ ಹೆಂಗಸು ನಾನು, ಬೀಗಿತ್ತಿಯ ಕಾಯಿಯನ್ನು ಹುಡುಕಿ ಹುಡುಕಿ ಹೊಡೆದೆ. ಅವರು "ಬಿತ್ತಾ? ಕೊಡಿಲ್ಲಿ ಕವ್ಡೆಯ!" ಎಂದು ನನ್ನ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದರು. ಆ ಬಿಸಿಯಲ್ಲೇ, ಮುಖ ಎತ್ತದೆ, ಕಾಯಿಯೊಂದನ್ನು ಒಳಮನೆಗೆ ನೂಕುತ್ತಾ ಹೇಳಿಬಿಟ್ಟೆ.

"ಶೈಲಾಗೆ ಕೊಳ್ಳೇಗಾಲದಲ್ಲಿ ಮೇಷ್ಟ್ರ ಓದಿಗೆ ಸೀಟ್ ಸಿಕ್ಕದೆ. ಮಂಗ್ಳಾರದೊಳ್ಗೆ ಸೇರ್ಬೇಕು. ಕಳಿಸ್ಕೊಡಿ ಬೀಗ್ರೇ."

ಕವಡೆ ಅವರ ಮುಷ್ಟಿಯಲ್ಲೇ ನಿಂತವು. ಹೊರಗೆ ಬೆಟ್ಟದ ಬಸ್ಸು ಹಾರನ್ ಹೊಡೆದು ಹೋಯಿತು. ನಾನು ನೆಲದ ಗೆರೆಗಳನ್ನೇ ನೋಡುತ್ತಿದ್ದೆ.

"ನನ್ಗೆ ಯಾಕ್ ಯೋಳ್ಲಿಲ್ಲ ಅವ್ಳು?" ಎಂದರು.

"ಬಯ ಅವ್ಳಿಗೆ. ನಿಮ್ಮನ್ ಒಬ್ರೇ ಬುಟ್ಟು ಎಂಗೋಗಲಿ ಅಂತ ಸಂಕಟ."

ಅವರು ಮುಷ್ಟಿಯ ಕವಡೆಯನ್ನು ಇನ್ನೊಂದು ಕೈಗೆ ಹಾಕಿಕೊಂಡರು. "ಹುಳಕ್ಕೆ ಸೊಪ್ಪು ಆಕದು ನಾನೇ ನೋಡ್ಕತ್ತೀನಿ. ಆದ್ರೆ ಹಣ್ಣಾದ್ಮೇಲೆ ಹುಳ ಕಾಯಲ್ಲ ಕಣ್ರಿ. ಒಂದೊಂದಾಗಿ ಆರ್ಸಿ ಗೂಡ್ ಕಟ್ಟೋ ಚಂದ್ರಿಕೆ ತಟ್ಟೆಗೆ ಬುಡ್ಬೇಕು, ಇಲ್ದಿದ್ರೆ ಅಲ್ಲಲ್ಲೇ ಗೂಡ್ ಕಟ್ಟಿ ಎಲ್ಲಾ ಆಳಾಯ್ತದೆ. ಅದ್ಕೆ ಎಲ್ಡು ಕೈ ಬೇಕೇ ಬೇಕು." ಕವಡೆ ಎಸೆದರು. ಚೌಕ ಬಿತ್ತು, ನಾಲ್ಕು ಮನೆ. ನನ್ನ ಕಾಯಿಯನ್ನು ನಿಧಾನವಾಗಿ ಕಡಿದು ನನ್ನ ಕೈಗೇ ಕೊಟ್ಟರು. "ಓದ್ಲಿ ಅವ್ಳು. ಹುಳ ಹಣ್ಣಾದಾಗ ಅವ್ಳ ಬದ್ಲು ನೀವ್ ಬನ್ನಿ."

ಓದುಗರೇ, ಹುಳ ಕಂಡರೆ ನಾನು ಓಡುವವಳು. ಶೈಲಾಳ ಮನೆಗೆ ಮೊದಲ ಸಲ ಹೋದಾಗ ತಟ್ಟೆತುಂಬ ಬೆರಳುದ್ದದ ಬೆಳ್ಳನೆಯ ಹುಳಗಳು ಸರಸರ ಸೊಪ್ಪು ತಿನ್ನುವುದನ್ನು ನೋಡಿ, ಕಾಲು ನೋವೆಂದು ಹೇಳಿ ಬೀದಿಯಲ್ಲೇ ಕೂತಿದ್ದೆ. ಅವನ್ನು ಬರಿಗೈಯಲ್ಲಿ, ಒಂದೊಂದಾಗಿ!

"ಬತ್ತೀನಿ," ಎಂದೆ. ಬಾಯಿ ಹೇಳಿತು, ಮೈ ಇನ್ನೂ ಒಪ್ಪಿರಲಿಲ್ಲ.

"ಬೆಟ್ಟದಿಂದ ಸೋಮ್ವಾರ ಸಂಜೆನೇ ಇಳೀತೀವಿ. ಮಂಗ್ಳಾರ ಬೆಳಗ್ಗೆ ನಾನೇ ಅವ್ಳ ಕರ್ಕಂಡ್ ಓಗಿ ಸೇರಿಸ್ತೀನಿ," ಎಂದ ಪುಟ್ಟಮಾದಮ್ಮ ಆಟವನ್ನೂ ಗೆದ್ದರು. ಕಲಿತು ಎರಡು ದಿನವೂ ತುಂಬದ ಹೆಂಗಸಿಗೆ ಸೋತದ್ದು ನನಗೆ ಸ್ವಲ್ಪ ಉರಿಯಿತು. ಮಗಳ ಓದಿಗೆ ಕೊಟ್ಟ ಕಾಣಿಕೆಯೆಂದು ದೇವರ ಲೆಕ್ಕಕ್ಕೆ ಬರೆದುಕೊಂಡೆ.

ಸೋಮವಾರ ಬೆಳಗ್ಗೆ ಅವರನ್ನು ಬೆಟ್ಟದ ಬಸ್ಸಿಗೆ ಹತ್ತಿಸಿದೆವು. ಕಿಟಕಿಯಿಂದ ಕೈ ಚಾಚಿ ಪುಟ್ಟಮಾದಮ್ಮ ಕೂಗಿದರು: "ಬೀಗ್ರೇ, ಬರುವಾಗ ಕವ್ಡೆ ತಕಂಡ್ ಬನ್ನಿ! ಹುಳ ಆರ್ಸಿ ಆದ್ಮೇಲೆ ಕಡಿಯಾನ!" ಬಸ್ಸಿನವರೆಲ್ಲ ತಿರುಗಿ ನೋಡಿದರು. ನಮ್ಮನೆಯವರು ನನ್ನ ಕಡೆ ನೋಡಿ, "ನೀನು? ಹುಳ ಆರ್ಸದಾ?" ಎಂದು ದಾರಿಯುದ್ದಕ್ಕೂ ನಕ್ಕರು.

ಮನೆಗೆ ಬಂದು ಸಾರಿಗೆ ಬದನೆಕಾಯಿ ಹೆಚ್ಚಲು ಈಳಿಗೆಮಣೆ ಹಾಕಿಕೊಂಡು ಕೂತೆ. ಎರಡನೆಯ ಕಾಯಿ ಸೀಳಿದರೆ ಒಳಗೊಂದು ಹುಳ, ಮೆಲ್ಲಗೆ ತಲೆಯೆತ್ತಿತು. ಬೇರೆ ದಿನವಾಗಿದ್ದರೆ ಹೋಳನ್ನು ಎಸೆದು "ರೀ" ಎಂದು ಊರಿಗೆ ಕೇಳುವಂತೆ ಕೂಗುತ್ತಿದ್ದೆ. ಅಂದು ಕಣ್ಣು ಮುಚ್ಚಿ, ಮಾದಪ್ಪನನ್ನು ನೆನೆದು, ಎರಡು ಬೆರಳಲ್ಲಿ ಹಿಡಿದು ಎತ್ತಿದೆ. ತಣ್ಣಗೆ, ಮೆತ್ತಗೆ ಇತ್ತು. ಕಚ್ಚಲಿಲ್ಲ. ಜೋಪಾನವಾಗಿ ಕಿಟಕಿಯಾಚೆ ಬಿಟ್ಟು, ಕೈ ತೊಳೆದುಕೊಂಡು ಬಂದು ಉಳಿದ ಕಾಯಿಗಳನ್ನೆಲ್ಲ ಹೆಚ್ಚಿದೆ. ಒಂದರಲ್ಲೂ ಹುಳವಿರಲಿಲ್ಲ. ಬದನೆಕಾಯಿ ಅಷ್ಟು ಚೊಕ್ಕವಾಗಿದ್ದದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ನನಗೆ ಬೇಜಾರಾಯಿತು. ಅಭ್ಯಾಸಕ್ಕೆ ಇನ್ನೊಂದೆರಡಾದರೂ ಬೇಕಿತ್ತು.