ಬಂದ್ ಆದ ಮೇಲೂ ಉಳಿಯುವ ಕಾವು

ಅಣು ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ದುಡಿದು ಸಂಗೊಳ್ಳಿಗೆ ಮರಳಿದವನು ನಾನು. ಅಲ್ಲಿದ್ದಷ್ಟು ದಿನ ಏನೂ ಆಗದಂತೆ ನೋಡಿಕೊಂಡೆ. ಆಗಬಾರದ್ದೆಲ್ಲ ಆಗತೊಡಗಿದ್ದು ಊರಿಗೆ ಬಂದ ಮೇಲೆ.

೧. ಬಸ್ಸು

ಬೈಲಹೊಂಗಲದಿಂದ ಬರುವಾಗ ಪಕ್ಕದ ಸೀಟಿನವರು, "ಎಲ್ಲಿ ನೌಕರಿ ಮಾಡಿದ್ರಿ?" ಎಂದು ಕೇಳಿದರು. ಹೇಳಿದೆ. ತಟ್ಟನೆ ಎದ್ದು ನಿಂತರು.

"ಏನೂ ಆಗಂಗಿಲ್ಲ, ಕುಂದರ್ರಿ," ಅಂದೆ.

"ನಿಮಗೇನ್ ಆಗಂಗಿಲ್ ಬಿಡ್ರಿ, ನಿಮಗ ರೂಢಿ ಐತಿ," ಎಂದವರು ಊರು ಬರುವವರೆಗೂ ನಿಂತೇ ಬಂದರು.

೨. ಗಾಣದ ಮನೆ

ಅಣ್ಣನದು ಬೆಲ್ಲದ ಗಾಣ. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತ, "ನಿಮ್ಮ ಒಲಿ ಹೆಂಗ ಹಿಡಿತದಾಗ ಇಡತೀರೋ?" ಎಂದ.

ನನಗೆ ಅಷ್ಟೇ ಸಾಕು, ಶುರುಮಾಡಿದೆ. ನಮ್ಮಲ್ಲಿ ಬೆಂಕಿಯಿಲ್ಲ. ಯುರೇನಿಯಂನ ಒಂದು ಪರಮಾಣು ಒಡೆದರೆ ಶಾಖ ಬರುತ್ತದೆ, ಜೊತೆಗೆ ಎರಡು ಮೂರು ನ್ಯೂಟ್ರಾನು ಹಾರಿಹೋಗಿ ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಆ ನ್ಯೂಟ್ರಾನು ನುಂಗುವ ಸರಳುಗಳನ್ನು ನಡುವೆ ಇಳಿಸಿದರೆ ಕಾವು ಕಡಿಮೆ, ಎತ್ತಿದರೆ ಜಾಸ್ತಿ. ಕರೆಂಟು ಹೋದರೆ ಸರಳು ತಾವಾಗಿಯೇ ಬಿದ್ದು ಎಲ್ಲ ನಿಲ್ಲಿಸುತ್ತವೆ.

"ಆಮ್ಯಾಲೆ ಮನಿಗೆ ಹೋಗೂದು?"

"ಇಲ್ಲಣ್ಣಾ. ಒಡೆದ ಚೂರುಗೊಳು ಕುದೀತನ ಇರತಾವು. ಬಂದ್ ಆದ ಮ್ಯಾಲೂ ಕಾವು ಇರತೈತಿ. ದಿನಗಟ್ಟಲೆ ನೀರು ಹಾಯಿಸಬೇಕು."

ಕುದಿಯುವ ಕಬ್ಬಿನ ರಸದ ನೊರೆ ತೆಗೆಯುತ್ತಿದ್ದ ಅಣ್ಣನ ಹೆಂಡತಿ, ನನ್ನ ವೈನಿ, ತಲೆ ಎತ್ತಿದಳು. "ಹಂಗಾರ ನಿಮ್ಮಣ್ಣನ ಸಿಟ್ಟಿನಂಗ. ಜಗಳಾ ಮುಗದ ಎರಡು ದಿನಾ ಆದ್ರೂ ನಾನ ನೀರು ಹೊಯ್ಯಬೇಕು."

೩. ಪಡಸಾಲೆ

ಮರುವರ್ಷ ವೈನಿಗೆ ಎದೆಯ ಕ್ಯಾನ್ಸರ್. ಬೆಳಗಾವಿಯಲ್ಲಿ ಮಷೀನಿನಿಂದ ವಿಕಿರಣ ಕೊಟ್ಟರು. ಅಷ್ಟರಲ್ಲಿ ರೋಗ ಎಲುಬಿಗೆ ಇಳಿದಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು.

ನಾನು ಮಗಳ ಮನೆಗೆ ಹೋಗಿದ್ದವನು ತಿಂಗಳ ಮೇಲೆ ಬಂದೆ. ವೈನಿ ಪಡಸಾಲೆಯಲ್ಲಿ ಒಬ್ಬಳೇ ಮಲಗಿದ್ದಳು. ಸುತ್ತ ತುಂಬಿದ ನಾಲ್ಕು ಕೊಡ. ಅಣ್ಣ ಬಾಗಿಲಲ್ಲಿ ನಿಂತು, ಗಾಣದಲ್ಲಿ ನೊರೆ ತೆಗೆಯುವ ಉದ್ದ ಹಿಡಿಕೆಯ ಜಾಲರಿಯಿಂದ ಊಟದ ತಾಟನ್ನು ಅವಳತ್ತ ದೂಡುತ್ತಿದ್ದ.

"ಏನ್ ಮಾಡಾಕತ್ತಿಯೋ ಅಣ್ಣಾ!"

"ನೀನ ಹೇಳಿದ್ಯಲ್ಲೋ, ಬಂದ್ ಆದ ಮ್ಯಾಲೂ ಕಾವು ಇರತೈತಿ, ನೀರು ಇಡಬೇಕಂತ!"

ಅವಳಿಗೆ ಉಳಿದಿದ್ದೇ ಕೆಲವು ತಿಂಗಳು. ಅದರಲ್ಲಿ ಒಂದು ತಿಂಗಳನ್ನು ನನ್ನ ಪಾಠ ತಿಂದುಹಾಕಿತ್ತು.

"ಅದು ಸ್ಥಾವರದ ಮಾತು. ದವಾಖಾನಿ ಮಷೀನು ಬಂದ್ ಆದ್ರ ದೀಪ ಆರಿಸಿದಂಗ. ಮೈಯಾಗ ಏನೂ ಉಳಿಯಂಗಿಲ್ಲ," ಎಂದು ಹೋಗಿ ಅವಳ ತಾಟಿನಲ್ಲೇ ರೊಟ್ಟಿ ಮುರಿದು ತಿಂದೆ. ಅಣ್ಣ ನನ್ನನ್ನೇ ನೋಡುತ್ತ ನಿಂತ, ನಾನು ಬೀಳುತ್ತೇನೇನೋ ಎಂಬಂತೆ.

ವೈನಿಯ ದನಿ ಸಣ್ಣದಾಗಿತ್ತು. "ನಲವತ್ತು ವರ್ಸ ನಿಮ್ಮ ಕಾವು ನಾ ತಡಕೊಂಡೇನ್ರಿ. ನಾಕು ದಿನಾ ನನ್ನದು ತಡಕೊಳ್ಳಾಕ ಆಗಂಗಿಲ್ಲೇನು?"

ಅಣ್ಣ ಜಾಲರಿ ಬಿಸಾಕಿದ. ಕೊಡ ಎಡವಿ ಪಡಸಾಲೆಯೆಲ್ಲ ನೀರಾಯಿತು. ಆ ನೀರಿನಲ್ಲೇ ಕುಳಿತು ಅವಳ ಕೈ ಹಿಡಿದ. ಹಿಡಿದವನು ಗಾಬರಿಯಾಗಿ ನನ್ನತ್ತ ತಿರುಗಿದ.

"ತಮ್ಮಾ, ಕೈ ತಣ್ಣಗ ಆಗೈತಲ್ಲೋ!"

ವೈನಿ ನಕ್ಕಳು. "ಒಂದು ತಿಂಗಳು ನೀರು ಇಟ್ಟೀರಿ, ತಣ್ಣಗ ಆಗಂಗಿಲ್ಲೇನ್ರಿ?"