ಬಹುಮಾನಕ್ಕೂ ಗುಡ್ಡೆ ಹಾಕಿದ ನಮ್ಮತ್ತೆ

ನಮ್ಮ ಸೋದರತ್ತೆಯನ್ನು ನೀವು ಯಾವ ಸಮಾರಂಭಕ್ಕೆ ಬೇಕಾದರೂ ಕರೆಯಿರಿ, ಆದರೆ ಅವರ ಎದುರಿಗೆ ಏನನ್ನೂ ಹಂಚಬೇಡಿ! ಹಂಚಿದಿರೋ, ಕೆಟ್ಟಿರಿ. ಕೇಕು ಕತ್ತರಿಸಿದರೆ ಒಬ್ಬರ ತುಂಡಿಗೆ ಮಾತ್ರ ಚೆರ್ರಿ ಯಾಕೆ ಬಂತು ಎಂದು ಕೇಳುತ್ತಾರೆ. ಜಗಳಕ್ಕಲ್ಲ, ಶುದ್ಧ ಕುತೂಹಲಕ್ಕೆ. "ಯಾಕಂಗೆ?" ಎನ್ನದೆ ಅವರಿಗೆ ದಿನ ಸಾಗದು. ನನಗೆ ದಿನಚರಿ ಬರೆಯುವ ಚಟ. ಒಂದು ದಿನ ಅವರ 'ಯಾಕಂಗೆ'ಗಳಿಗೆ ಗೀಟು ಹಾಕುತ್ತಾ ಹೋದೆ. ಮಧ್ಯಾಹ್ನದೊಳಗೆ ಪುಟ ತುಂಬಿತು. ತೋರಿಸಿದರೆ, "ನಿಮ್ಮಾವನ ಮಾತು ಎಣಿಸಿಲ್ಲ, ನಂದು ಮಾತ್ರ ಎಣಿಸಿದ್ದೀಯ. ಯಾಕಂಗೆ?" ಎಂದರು. ಇನ್ನೊಂದು ಗೀಟು!

ಯಲಹಂಕದ ಹೋಟೆಲಿನಲ್ಲಿ ಅವರೊಡನೆ ಬೈಟು ಕಾಫಿ ಕುಡಿದು ನೋಡಬೇಕು. ಎರಡೂ ಲೋಟಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿಯುತ್ತಲೇ ಇರುತ್ತಾರೆ. ಸರಿಸಮವಾಗುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ. ಆದರೇನು, ಇಬ್ಬರಿಗೂ ಸಮನಾಗಿ ತಣ್ಣಗಾಗಿರುತ್ತದೆ!

ಈ ಚಟಕ್ಕೆ ಬೆಲೆ ಇರುವುದು ಬಾಗಲೂರಿನ ಕಡೆಯ ಅವರ ಹಳ್ಳಿಯಲ್ಲಿ ಮಾತ್ರ. ಅಲ್ಲಿ ಯುಗಾದಿಯ ಮರುದಿನ, ಹೊಸತೊಡಕಿಗೆ, ಹತ್ತಾರು ಮನೆಯವರು ದುಡ್ಡು ಸೇರಿಸಿ ಕುರಿ ತಂದು, ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಮಾಡುತ್ತಾರೆ. ಗುಡ್ಡೆ ಹಾಕುವವರು ಅತ್ತೆ. ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಅತ್ತೆ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಎಂದಾಗ ಅವರು ನೋಡದೆಯೇ ಒಂದು ಮನೆಯ ಹೆಸರು ಹೇಳಬೇಕು. ಈವರೆಗೆ ಯಾರೂ ಗೊಣಗಿಲ್ಲವಂತೆ. ಗೊಣಗಿದರೆ ಅತ್ತೆ ಬಿಡಬೇಕಲ್ಲ!

ಇಂಥವರನ್ನು ಪ್ಯಾಡಲ್‌ಬೋರ್ಡ್ ರೇಸಿಗೆ ಕರೆದುಕೊಂಡು ಹೋಗುವ ಧೈರ್ಯ ಮಾಡಿದವಳು ನನ್ನ ತಂಗಿ. ನೀರಿನ ಮೇಲೆ ತೇಲುವ ಉದ್ದನೆಯ ಹಲಗೆ, ಅದರ ಮೇಲೆ ನಿಂತುಕೊಂಡೇ ಹುಟ್ಟು ಹಾಕುತ್ತಾ ಸಾಗಬೇಕು. ತಂಗಿಯದು ಬಾಡಿಗೆ ಬೋರ್ಡು. ಮೊದಲ ಬಹುಮಾನ ನಲವತ್ತು ಸಾವಿರ ಎಂದು ಪೋಸ್ಟರಿನಲ್ಲಿತ್ತು. ಗೆದ್ದರೆ ಸ್ವಂತ ಬೋರ್ಡು, ಇಲ್ಲದಿದ್ದರೆ ಈ ಆಟವನ್ನೇ ಬಿಡುತ್ತೇನೆ, ಬಾಡಿಗೆ ಕಟ್ಟಿ ಸಾಕಾಯಿತು ಎಂದು ಮನೆಯಲ್ಲಿ ಹೇಳಿಯೇ ಹೊರಟಿದ್ದಳು. ಗೆದ್ದಳು ಕೂಡ! ಹೆಸರಘಟ್ಟದಾಚೆಯ ಕೆರೆಯೊಂದರಲ್ಲಿ ನಡೆದ ಆ ರೇಸಿನಲ್ಲಿ ಹುಡುಗಿಯರ ಪೈಕಿ ಅವಳೇ ಮೊದಲು. ಆಮೇಲೆ ಮೈಕಿನಲ್ಲಿ ಬಹುಮಾನ ಕೂಗಿದರು: ಗಂಡಸರಿಗೆ ನಲವತ್ತು, ಹೆಂಗಸರಿಗೆ ಇಪ್ಪತ್ತು.

"ಯಾಕಂಗೆ?"

ಮೈಕ್ ಹಿಡಿದಿದ್ದ ಸಂಘಟಕ ಒಳ್ಳೆಯ ಹುಡುಗ, ಬೇಸರಿಸಲಿಲ್ಲ. "ಲೇಡೀಸು ಕಮ್ಮಿ ಜನ ಬರ್ತಾರೆ ಆಂಟಿ."

"ಅವ್ರ ಅತ್ರ ಫೀಸು ಅರ್ಧ ಇಸ್ಕೊಂಡ್ಯೇನಪ್ಪಾ?"

"ಇಲ್ಲ, ಎಲ್ರಿಗೂ ಒಂದೇ."

"ಕೆರೇಲಿ ಅರ್ಧ ದೂರ ಓದ್ರಾ?"

"ಇಲ್ಲ ಆಂಟಿ, ಅಷ್ಟೇ ದೂರ."

"ಮತ್ತೆ, ಕಮ್ಮಿ ಬರ್ತಾರೆ ಅಂತ ಕಮ್ಮಿ ಕೊಟ್ರಾ, ಕಮ್ಮಿ ಕೊಡ್ತೀರ ಅಂತ ಕಮ್ಮಿ ಬಂದ್ರಾ?"

ಹುಡುಗ ತಲೆ ಕೆರೆದುಕೊಂಡ. "ಅದು ನಂಗೂ ಗೊತ್ತಿಲ್ಲ ಆಂಟಿ. ಮುಂದಿನ್ ಸಲ ನೋಡೋಣ."

"ಮುಂದಿನ್ ಸಲ ಬ್ಯಾಡ. ಈಗ್ಲೇ ಬೆನ್ನು ತಿರುಗ್ಸು!"

ಎಲ್ಲರೂ ನಕ್ಕರು. ಅವನೂ ನಗುತ್ತಾ ತಿರುಗಿ ನಿಂತ. ಅತ್ತೆ ಬಹುಮಾನದ ಎರಡು ಕವರುಗಳನ್ನೂ ಮೇಜಿನ ಮೇಲೆ ಅತ್ತಿತ್ತ ಆಡಿಸಿ ಒಂದನ್ನು ಮುಟ್ಟಿದರು.

"ಇದ್ಯಾರ್ದು?"

"ಲೇಡೀಸ್‌ದು!"

ತೆರೆದರು. ಇಪ್ಪತ್ತು! ಶಿಳ್ಳೆಯೋ ಶಿಳ್ಳೆ. ಅದೃಷ್ಟವೂ ಸಂಘಟಕರ ಕಡೆಗೇ ಇತ್ತೇ? ತಂಗಿ ಮುಖ ಮುಚ್ಚಿಕೊಂಡಳು. ಆದರೆ ಅತ್ತೆ ಕವರನ್ನು ನೋಡುತ್ತಲೇ ಇರಲಿಲ್ಲ. ಗಂಡಸರಲ್ಲಿ ಗೆದ್ದಿದ್ದ ನಾಗಸಂದ್ರದ ಹುಡುಗನನ್ನು ನೋಡುತ್ತಿದ್ದರು.

"ಯಾಕಪ್ಪಾ, ಇಂಗೆ ಬೆವರ್ತಿದ್ದೀಯ?"

"ಏನಿಲ್ಲ ಆಂಟಿ... ಒಂದ್ ಕ್ಷಣ ನನ್ ದುಡ್ಡು ಹೋಯ್ತು ಅನ್ಕೊಂಡೆ."

"ಗುಡ್ಡೆ ಸಮ ಇದ್ದಿದ್ರೆ ಬೆವರ್ತಿದ್ಯಾ?"

ಶಿಳ್ಳೆ ನಿಂತಿತು. ಹುಡುಗ ತಲೆ ತಗ್ಗಿಸಿ, "ಇಲ್ಲ," ಎಂದ. ಅಷ್ಟೇ. ಕವರುಗಳೇನೂ ಬದಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ, "ಸಾಕು ಬಿಡಿ ಅತ್ತೆ, ಇಪ್ಪತ್ತಕ್ಕೆ ಬೋರ್ಡು ಬರಲ್ಲ, ನಾನಿನ್ನು ಹೋಗಲ್ಲ," ಎಂದಳು. 'ಯಾಕಂಗೆ' ಬರುತ್ತದೆಂದು ಕಾದೆ. ಬರಲಿಲ್ಲ. ಬದಲಿಗೆ ಅತ್ತೆ, "ನೀರಿನ್ ಮ್ಯಾಲೆ ನಿಂತ್ರೆ ಯಂಗಿರ್ತದೆ?" ಎಂದರು.

"ಯಾರೂ ನನ್ನ ತಡೆಯೋಕಾಗಲ್ಲ ಅನ್ಸುತ್ತೆ ಅತ್ತೆ."

ಅತ್ತೆ ಕಿಟಕಿಯಾಚೆ ನೋಡಿದರು. "ನಮ್ಮೂರ್ ಕೆರೇಲಿ ಗಂಡುಡುಗ್ರೆಲ್ಲ ಈಜೋರು. ನಾವು ದಡದಾಗೆ ಕುಂತು ಬಟ್ಟೆ ಒಗೀತಿದ್ವಿ. ಮಂಡಿಗಿಂತ ಮ್ಯಾಲೆ ನೀರು ಕಂಡೋಳೇ ಅಲ್ಲ ನಾನು. ಯಾಕಂಗೆ ಅಂತ ಆವಾಗ ಒಂದ್ ಕಿತಾನೂ ಕೇಳ್ಲಿಲ್ಲ ಕಣವ್ವಾ."

ಅತ್ತೆ ತಂಗಿಯ ಕಡೆ ತಿರುಗಿದರು.

"ಕೇಳೋ ಕೆಲ್ಸ ನಂಗ್ ಬಿಡು. ನೀನು ನೀರು ಬಿಡ್ಬ್ಯಾಡ. ಬಾಡ್ಗೆ ಅರ್ಧ ನಾನ್ ಕೊಡ್ತೀನಿ."

ತಂಗಿ ನನ್ನ ಕಡೆ ತಿರುಗಿ, "ನಾಳೆ ಐದಕ್ಕೆ ಎಬ್ಬಿಸೇ ಅಕ್ಕ, ಪ್ರಾಕ್ಟೀಸಿದೆ," ಎಂದು ಹೇಳಿ, ಅತ್ತೆಯ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು.

ನಾವು ಇಳಿಯುವ ಸ್ಟಾಪು ಬಂತು. ಎದ್ದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ನನ್ನನ್ನು ಎಳೆದು ಕೂರಿಸಿಕೊಂಡರು. ಬಸ್ಸು ನಮ್ಮನ್ನು ಹೊತ್ತುಕೊಂಡೇ ಮುಂದಕ್ಕೆ ಹೋಯಿತು.