ಇಪ್ಪತ್ತೊಂಬತ್ತಕ್ಕೆ ಬೆಳೆದ ಕಾಲು

ಬೆಳೆಯುವ ವಯಸ್ಸಿನಲ್ಲಿ ಹುಡುಗರು ಬೆಳೆದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ದಿನಕ್ಕೊಂದು ಮಿಲಿಮೀಟರಿನಂತೆ ಬೆಳೆಯಲು ಕೂತರೆ ಮಾತ್ರ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ನಾನು ಹಾಗೆ ಬೆಳೆದವನು.

ಮೊದಲು ನನ್ನ ಎತ್ತರ ಐದಡಿ ಎರಡಿಂಚು. ಅಪ್ಪನದೂ ಅಷ್ಟೇ. ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದು, ಸುಲ್ತಾನ್ ಬಜಾರಿನ ಒಂದು ಓಣಿಯಲ್ಲಿ ನಲವತ್ತು ವರ್ಷದಿಂದ ಪ್ಯಾಂಟು ಹೊಲಿಯುತ್ತಿರುವ ಅಪ್ಪನಿಗೆ ಆ ಎತ್ತರ ಎಂದೂ ಕಮ್ಮಿ ಅನ್ನಿಸಿರಲಿಲ್ಲ. ಮಾದಾಪುರದ ಆಫೀಸಿಗೆ ಹೋಗುವ ನನಗೆ ಅನ್ನಿಸಿತ್ತು. ಗ್ರೂಪ್ ಫೋಟೋ ತೆಗೆಯುವಾಗಲೆಲ್ಲ ಯಾರಾದರೊಬ್ಬರು ನನ್ನ ಭುಜ ಹಿಡಿದು ಮುಂದಿನ ಸಾಲಿಗೆ ತಳ್ಳುತ್ತಿದ್ದರು. ಎರಡು ಕಡೆ ಹೆಣ್ಣು ನೋಡಲು ಹೋದಾಗ ಹೊಟ್ಟೆ ತುಂಬ ಉಪ್ಪಿಟ್ಟು ತಿನ್ನಿಸಿ ಕಳಿಸಿ, ಮಾರನೆಯ ದಿನ ಫೋನಿನಲ್ಲಿ "ಹುಡುಗ ಬಂಗಾರದಂಥಾವ, ಆದ್ರ..." ಎಂದು ನಿಲ್ಲಿಸಿದರು. ಆ "ಆದ್ರ"ದ ಅಳತೆ ಮೂರಿಂಚು ಎಂದು ನಾನೇ ಅಂದಾಜು ಹಾಕಿಕೊಂಡೆ.

ಪುಣೆಯ ಟ್ರೈನಿಂಗ್

ಪುಣೆಯಲ್ಲಿ ಆಫೀಸಿನ ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ, ಕಾಚಿಗೂಡದ ನಮ್ಮ ಮನೆಯಿಂದ ಬ್ಯಾಗು ಹಿಡಿದು ಹೊರಟು, ಹೈದರಾಬಾದಿನದೇ ಆಸ್ಪತ್ರೆಯೊಂದಕ್ಕೆ ಸೇರಿಕೊಂಡೆ. ದಾರಿಗೆಂದು ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ವಾರ್ಡಿನ ಮಂಚದ ಮೇಲೆ ಕೂತು ತಿಂದೆ. ಎರಡೂ ಮೊಣಕಾಲ ಕೆಳಗಿನ ಮೂಳೆ ಕತ್ತರಿಸಿ, ಸುತ್ತಲೂ ಕಬ್ಬಿಣದ ಬಳೆಗಳ ಫ್ರೇಮು ಕೂರಿಸಿದರು. ಇನ್ನು ಕೆಲವು ತಿಂಗಳು ಒಬ್ಬರು ಜೊತೆಗಿಲ್ಲದೆ ಬಾತ್‌ರೂಮಿಗೂ ಹೋಗುವಂತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದು ನನ್ನ ತಲೆಗೆ ಹೋದದ್ದು ಆಮೇಲೆ. ಮನೆಗೆ ಫೋನ್ ಮಾಡಿದೆ. ಅವ್ವ, ಅಪ್ಪ ಆಟೋ ಹಿಡಿದು ಓಡಿ ಬಂದರು.

"ಪುಣೆದಾಗ ಆಕ್ಸಿಡೆಂಟ್ ಆತೇನೋ ತಮ್ಮಾ?" ಎಂದು ಅವ್ವ ಬಾಗಿಲಲ್ಲೇ ಅತ್ತಳು.

"ಇಲ್ಲವ್ವಾ, ಆಪರೇಶನ್ ಮಾಡಿಸಿಕೊಂಡೀನಿ. ಕಾಲು ಉದ್ದ ಆಗ್ಲಿ ಅಂತ."

"ಕಾಲು ಮುರದಾವಲ್ಲೋ!"

"ಡಾಕ್ಟರೇ ಮುರದಾರ."

ಅವ್ವ ಸೀದಾ ಡಾಕ್ಟರ ಕಡೆ ತಿರುಗಿದಳು. "ಏನ್ರೀ, ಹೆತ್ತಾಕಿ ನಾನು ಇವತ್ತಿನ ತನಕ ಇವಗ ಒಂದ್ ಪೆಟ್ಟು ಹಾಕಿಲ್ಲ. ನೀವು ಯಾರ್ರೀ ಕಾಲು ಮುರ್ಯಾಕ?"

ಡಾಕ್ಟರು ತೆಲುಗಿನವರು, ಕನ್ನಡ ಒಂದಕ್ಷರ ಬಾರದು. ಹೆತ್ತ ತಾಯಿ ಕೃತಜ್ಞತೆ ಹೇಳುತ್ತಿದ್ದಾಳೆ ಎಂದು ತಿಳಿದು ಎರಡೂ ಕೈ ಜೋಡಿಸಿ, "ಸಕ್ಸೆಸ್ ಅಮ್ಮಾ, ಫುಲ್ ಸಕ್ಸೆಸ್" ಎಂದರು.

ದೇವರ ಗೂಡಿನ ಸ್ಪ್ಯಾನರ್

ಅಪ್ಪ ಆಸ್ಪತ್ರೆಯ ಮಂಚದ ಹತ್ತಿರ ಬಂದರು. ನನ್ನ ಕಾಲು ನೋಡಿದರು, ಬಗ್ಗಿ ತಮ್ಮ ಕಾಲನ್ನೂ ಒಮ್ಮೆ ನೋಡಿಕೊಂಡರು, ಹೊರಗೆ ಹೋದರು. ಅಂದಿನಿಂದ ನನ್ನ ಜೊತೆ ಮಾತು ಬಂದ್. ಹೇಳುವುದೇನಿದ್ದರೂ ಅವ್ವನ ಮೂಲಕ. ಯಾಕೆಂದು ಅವ್ವನನ್ನೇ ಕೇಳಿದೆ. "ನನ್ನಂಗ ಕಾಣೋದು ಅವಗ ನಾಚಿಕಿ ಆಗೇತಿ, ಅಂತಾರ" ಎಂದಳು. ನನ್ನ ಮನಸ್ಸಿನಲ್ಲಿ ಹಾಗೆ ಇರಲೇ ಇಲ್ಲ. ಇಲ್ಲ ಎಂದು ಹೇಳೋಣವೆಂದರೆ ಅವರು ನನ್ನೆದುರು ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಮೂಳೆಯ ನೋವಿಗಿಂತ ಅದು ಹೆಚ್ಚಾಗಿತ್ತು ಎಂದು ಈಗ ಹೇಳಲು ನನಗೆ ಸಂಕೋಚವಿಲ್ಲ.

ಫ್ರೇಮಿನಲ್ಲಿ ಸಣ್ಣ ಸಣ್ಣ ನಟ್ಟುಗಳಿರುತ್ತವೆ. ದಿನಕ್ಕೆ ನಾಲ್ಕು ಸಲ, ಲೆಕ್ಕ ಹಾಕಿದಷ್ಟೇ ತಿರುವಬೇಕು. ಆಗ ಕತ್ತರಿಸಿದ ಮೂಳೆ ಕೂದಲೆಳೆಯಷ್ಟು ದೂರ ಸರಿದು, ನಡುವೆ ಹೊಸ ಮೂಳೆ ಕೂಡುತ್ತದೆ. ಮನೆಗೆ ಬಂದ ಮೇಲೆ ಈ ಕೆಲಸ ಅವ್ವನದು. ಸ್ಪ್ಯಾನರನ್ನು ತೊಳೆದು, ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಮೊದಲು ದೇವರಿಗೆ ದೀಪ, ಆಮೇಲೆ ನನ್ನ ಕಾಲಿಗೆ ಸ್ಪ್ಯಾನರ್.

ಒಂದು ಮಧ್ಯಾಹ್ನ ನಟ್ಟು ತಿರುವುತ್ತಿದ್ದಾಗ ಹಾಲು ಉಕ್ಕಿತು. ಅವ್ವ ಓಡಿದಳು, ಬಂದಳು, ನಿಂತಳು. "ಎಷ್ಟು ತಿರುವಿದ್ನೋ?"

ನಾನು ಮಾತ್ರೆಯ ಮಂಪರಿನಲ್ಲಿದ್ದೆ. ನನಗೇನು ಗೊತ್ತು?

"ಎಲ್ಲಾ ಇನ್ನೊಂದ್ಸಲ ತಿರುವಿಬಿಡ್ಲೇನು?"

"ಅವ್ವಾ, ಅದೇನು ಸಾರಿಗೆ ಹಾಕೋ ಉಪ್ಪೇನು!"

ಇಬ್ಬರೂ ಸ್ಪ್ಯಾನರ್ ನೋಡುತ್ತ ಕೂತೆವು. ಅಪ್ಪ ಹೊರಕೋಣೆಯಲ್ಲಿ, ಮನೆಯಲ್ಲಿಟ್ಟ ಹೊಲಿಗೆ ಮಷೀನಿನ ಮುಂದೆ, ನಮಗೆ ಬೆನ್ನು ಹಾಕಿ ಕೂತಿದ್ದರು. ಗೋಡೆಗೆ ಹೇಳುವಂತೆ ಹೇಳಿದರು: "ಬಲಗಾಲಿಂದು ಎಲ್ಲಾ ಮುಗದೈತಿ. ಎಡಗಾಲಿಂದು ಹಿಂದಿನ ನಟ್ಟು ಒಂದ ಉಳದೈತಿ."

"ನೀವು ಈ ಕಡೆ ನೋಡಂಗಿಲ್ಲ ಅಂದಿದ್ರಿ?" ಎಂದಳು ಅವ್ವ.

"ನಾ ಎಲ್ಲಿ ನೋಡೀನಿ? ಸೂಜಿಗೆ ದಾರಾ ಪೋಣಸಾಕತ್ತೀನಿ."

ಎರಡು ಸುಳ್ಳು

ಓಣಿಯವರಿಗೆ ನಿಜ ಹೇಳಬಾರದು ಎಂಬ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿತ್ತು. ಆದರೆ ಕೂತು ಒಂದೇ ಸುಳ್ಳನ್ನು ಆರಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕೆಳಗಿನ ಮನೆಯ ತೆಲುಗು ಆಂಟಿಗೆ ಅವ್ವ ಸ್ಕೂಟರಿನಿಂದ ಬಿದ್ದ ಎಂದಳು. ಅದೇ ಆಂಟಿಗೆ ಅಪ್ಪ ಮೆಟ್ಟಿಲ ಮೇಲೆ ಸಿಕ್ಕಾಗ, ಬಾತ್‌ರೂಮಿನಲ್ಲಿ ಜಾರಿದ ಎಂದರು.

ಆಂಟಿ ಒಳ್ಳೆಯ ಮನಸ್ಸಿನವರು. ದೊಡ್ಡವರಿಬ್ಬರಲ್ಲಿ ಒಬ್ಬರನ್ನು ಸುಳ್ಳುಗಾರರು ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಮೋಸಂಬಿ ತಂದು ನನ್ನ ಪಕ್ಕ ಕೂತು, ತಲೆ ಸವರಿ, ಮೆಲ್ಲಗೆ ಕೇಳಿದರು: "ಬಾತ್‌ರೂಮ್‌ಲ ಸ್ಕೂಟರ್ ಎಂದುಕು ನಡಿಪಿನವ್ ಬಿಡ್ಡಾ?" ಬಾತ್‌ರೂಮಿನಲ್ಲಿ ಯಾಕಪ್ಪ ಸ್ಕೂಟರ್ ಓಡಿಸಿದೆ, ಎಂದು.

ಅವ್ವ ಅಡುಗೆಮನೆಗೆ ಓಡಿದಳು. ಅಪ್ಪ ಚಪ್ಪಲಿ ಹುಡುಕತೊಡಗಿದರು. ನಾನೊಬ್ಬ ಎದ್ದು ಓಡುವ ಹಾಗಿರಲಿಲ್ಲ. ಇನ್ನು ಮುಂದೆ ಓಡಿಸುವುದಿಲ್ಲ ಎಂದು ಮಾತು ಕೊಟ್ಟೆ.

ಮಷೀನಿನ ಸದ್ದು

ಕಾಲು ಉದ್ದವಾದರೆ ಸಾಲದು, ಮಾಂಸಖಂಡವೂ ಅದರ ಜೊತೆ ಹಿಗ್ಗಬೇಕು. ಅದಕ್ಕೆ ವಾರಕ್ಕೆ ಐದು ದಿನ ಒಬ್ಬ ಫಿಜಿಯೋಥೆರಪಿಯವನು ಮನೆಗೆ ಬರುತ್ತಿದ್ದ. ಹಳೇ ಶಹರದ ಹುಡುಗ, ನಗುಮುಖ. ಪಾದ ಹಿಡಿದು ಒತ್ತುತ್ತ "ಬಸ್ ದೋ ಮಿನಿಟ್ ಭಾಯ್" ಎನ್ನುತ್ತಿದ್ದ. ಅವನ ಎರಡು ನಿಮಿಷದಲ್ಲಿ ನನಗೆ ನಮ್ಮ ಕುಲದೈವಗಳೆಲ್ಲ ಹೆಸರು ಹಿಡಿದು ನೆನಪಾಗುತ್ತಿದ್ದವು. ನಾನು ಚೀರಿದ ತಕ್ಷಣ ಹೊರಕೋಣೆಯಲ್ಲಿ ಅಪ್ಪನ ಮಷೀನು ಗಡಗಡ ಶುರುವಾಗುತ್ತಿತ್ತು. ನಾನು ಜೋರಾದರೆ ಅದೂ ಜೋರು.

ಎಂಥ ಕಲ್ಲು ಮನಸ್ಸು, ಮಗ ಚೀರುತ್ತಿದ್ದರೆ ಇವರಿಗೆ ಹೊಲಿಗೆಯ ಅವಸರ, ಎಂದು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಆ ಹುಡುಗ ನೀರು ಕುಡಿಯಲು ಹೊರಗೆ ಹೋದವನು ಅಲ್ಲೇ ನಿಂತ. ನನಗೂ ಕೇಳುವಂತೆ ಹೇಳಿದ: "ಚಾಚಾ, ಮಷೀನ್ ಮೇ ಕಪಡಾ ಇಚ್ ನೈ ಹೈ. ಧಾಗಾ ಭೀ ನೈ."

ಬಟ್ಟೆಯಿಲ್ಲ, ದಾರವಿಲ್ಲ, ಬರೀ ಸೂಜಿ ಕುಣಿಯುತ್ತಿತ್ತು. ಅಪ್ಪ ಪೆಡಲ್ ತುಳಿಯುವುದು ನಿಲ್ಲಿಸದೆ, "ಮಾಲೂಮ್ ಹೈ. ತೂ ಜಲ್ದಿ ಖತಮ್ ಕರ್" ಎಂದರು, ಗೊತ್ತು, ನೀನು ಬೇಗ ಮುಗಿಸು, ಎಂದು. ಅಂದು ನಾನು ಹಲ್ಲು ಕಚ್ಚಿ ಚೀರದೆ ಇರಲು ನೋಡಿದೆ. ಹುಡುಗ ಗಾಬರಿಯಾಗಿ, ಕಾಲಿಗೆ ಸ್ಪರ್ಶ ಹೋಗಿದೆಯೋ ಎಂದು ಗುಂಡುಪಿನ್ನು ಚುಚ್ಚಿ ನೋಡಿದ.

ಏಳು ಪ್ಯಾಂಟು

ಕೊನೆಗೂ ಫ್ರೇಮು ಬಿಚ್ಚಿದರು. ವಾಕರ್ ಹಿಡಿದು ನಡೆದೆ, ಆಮೇಲೆ ಗೋಡೆ ಹಿಡಿದು, ಆಮೇಲೆ ಏನೂ ಹಿಡಿಯದೆ. ಎತ್ತರ ಐದಡಿ ಐದಿಂಚು. ಸೋಮವಾರ ಆಫೀಸಿಗೆ ಹೋಗಬೇಕು ಎಂದಾಗ ಭಾನುವಾರ ಬೆಳಿಗ್ಗೆ, ತಿಂಗಳುಗಟ್ಟಲೆ ಲುಂಗಿಯಲ್ಲಿದ್ದವನು ಪ್ಯಾಂಟು ಹಾಕಿಕೊಂಡೆ. ಪಾದದಿಂದ ಎಷ್ಟೋ ಮೇಲೆ ನಿಂತಿತು.

"ಹೋಗ್ಲಿ ಬಿಡವ್ವಾ, ಅಂಗಡ್ಯಾಗ ರೆಡಿಮೇಡ್ ತಗೋತೀನಿ" ಎಂದೆ. ಹೊಲಿಯುವವನ ಮನೆಯಲ್ಲಿ ಆಡಬಾರದ ಮಾತು. ಅಪ್ಪ ಎದ್ದರು. ಕಪಾಟಿನಿಂದ ನನ್ನ ಪ್ಯಾಂಟುಗಳನ್ನೆಲ್ಲ ಹೊರಗೆಳೆದರು, ತೊಟ್ಟಿದ್ದನ್ನೂ ಬಿಚ್ಚಿಸುವಂತೆ ಅವ್ವನಿಗೆ ಸನ್ನೆ ಮಾಡಿದರು. ಏಳು ಪ್ಯಾಂಟು ತೊಡೆಯ ಮೇಲೆ ಹಾಕಿಕೊಂಡು, ಕೈಗೆ ಬ್ಲೇಡು ತೆಗೆದುಕೊಂಡರು.

"ಅವ್ವಾ, ಹಿಡಿಯವ್ವಾ ಅವರನ್ನ! ಸಿಟ್ಟಿಗೆ ಎಲ್ಲಾ ಹರಿಯಾಕತ್ತಾರ!"

ಅವ್ವ ಹಿಡಿಯಲಿಲ್ಲ, ಸುಮ್ಮನೆ ನಕ್ಕಳು. ಅಪ್ಪ ಕೆಳಗಿನ ಅಂಚಿನ ಹೊಲಿಗೆಯನ್ನಷ್ಟೇ ಬಿಚ್ಚಿದರು. ಒಳಗಿಂದ ಮಡಿಕೆ ಮೇಲೆ ಮಡಿಕೆ ಬಟ್ಟೆ ಬಂತು. ಪ್ಯಾಂಟು ಮಾಸಿತ್ತು, ಒಳಗಿನ ಬಟ್ಟೆ ಹೊಸದಾಗಿಯೇ ಇತ್ತು. ಇನ್ನೊಂದು ಪ್ಯಾಂಟು ಬಿಚ್ಚಿದರು, ಅದರಲ್ಲೂ ಅಷ್ಟೇ.

"ನೀ ಕಾಲೇಜಿಗೆ ಸೇರಿದಾಗಿಂದ ಒಂದೊಂದು ಪ್ಯಾಂಟಿನಾಗೂ ಬಿಟ್ಟಾರ" ಎಂದಳು ಅವ್ವ. "ಯಾಕ್ರೀ ಸುಮ್ನ ಬಟ್ಟಿ ದಂಡ ಅಂದ್ರ, ಹುಡುಗ ಯಾವಾಗ ಬೆಳೀತಾನೋ ಹೇಳಾಕ ಬರಂಗಿಲ್ಲ ಅಂತಿದ್ರು. ಮೊನ್ನಿ ದೀಪಾವಳಿಗೆ ಹೊಲದದ್ದರಾಗೂ ಬಿಟ್ಟಾರ ನೋಡು."

ನನಗೆ ಅಳು ತಡೆಯಲಾಗಲಿಲ್ಲ. ಬಿಚ್ಚಿದ ಪ್ಯಾಂಟು ತೊಟ್ಟು ಅವರ ಮುಂದೆ ನಿಂತೆ. "ಅಪ್ಪಾ, ನಿಮ್ಮಂಗ ಕಾಣಬಾರ್ದು ಅಂತ ಮಾಡಿಸಿಕೊಂಡಿಲ್ಲರೀ. ಖರೇನ ಇಲ್ಲ. ಮಂದಿ ಮಾತು ಕೇಳಿ ಕೇಳಿ ಸಾಕಾಗಿತ್ತು" ಎಂದೆ.

ಅಪ್ಪನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಕಣ್ಣು ಒದ್ದೆಯಾಗಿದ್ದವು. ನೆಲದ ಮೇಲೆ ಮೊಣಕಾಲೂರಿ, ಅಂಚನ್ನು ಕೆಳಗೆ ಎಳೆದರು. ಸಾಲಲಿಲ್ಲ. ಇನ್ನೂ ಎಳೆದರು. ಟೇಪು ಹಿಡಿದು ಅಳೆದರು, ಮತ್ತೊಮ್ಮೆ ಅಳೆದರು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ತಲೆಯೆತ್ತಿ, ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು:

"ಲೇ, ನಾ ಬಿಟ್ಟಿದ್ದು ಎರಡೂವರೆ ಇಂಚು. ಯಾರನ್ನ ಕೇಳಿ ಮೂರು ಮಾಡಿಸಿದಿ?"